ಠಾಣೆಗೂ ಕೋರ್ಟಿಗೂ ನಡುವಿನ ದಾರಿ: ವಶದಲ್ಲಿರುವವರ ಜೀವ ಯಾರ ಹೊಣೆ?

ಬೆಳಗಾವಿ: ನಗರದ ಶಹಾಪುರ ಠಾಣೆಯ ಪೊಲೀಸರು ಒಬ್ಬ ವ್ಯಕ್ತಿಯನ್ನು ಬಂಧಿಸಿದರು ಎಂದಿಟ್ಟುಕೊಳ್ಳಿ. ಮೊದಲು ಆತನನ್ನು ವೈದ್ಯಕೀಯ ತಪಾಸಣೆಗೆಂದು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಂದ ಚನ್ನಮ್ಮ ವೃತ್ತದ ಆಸುಪಾಸಿನಲ್ಲಿರುವ ನ್ಯಾಯಾಲಯ ಸಂಕೀರ್ಣಕ್ಕೆ ತರಬೇಕು. ನ್ಯಾಯಾಧೀಶರು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರೆ ಊರಾಚೆಯ ಹಿಂಡಲಗಾ ಕೇಂದ್ರ ಕಾರಾಗೃಹಕ್ಕೆ ಮುಟ್ಟಿಸಬೇಕು. ಇಡೀ ದಾರಿ ಹದಿನೈದು ಕಿಲೋಮೀಟರ್ ದಾಟದು. ಆದರೆ ಶಹಾಪುರ ಇರುವುದು ರೈಲು ಹಳಿಯ ದಕ್ಷಿಣಕ್ಕೆ. ಆಸ್ಪತ್ರೆ, ಕೋರ್ಟು, ಜೈಲು ಮೂರೂ ಇರುವುದು ಅದರ ಆಚೆಗೆ. ಗಣೇಶ ವಿಸರ್ಜನೆಯ ದಿನ ಕಪಿಲೇಶ್ವರ ಹೊಂಡದ ಕಡೆಗೆ ಮೆರವಣಿಗೆ ಹೊರಟಿದ್ದರೆ ಈ ಸಣ್ಣ ದಾರಿಯೂ ತಾಸುಗಟ್ಟಲೆ ಹಿಡಿಯುತ್ತದೆ.

ಠಾಣೆಯಲ್ಲಿ ದಿನಚರಿ ಪುಸ್ತಕವಿದೆ, ಕ್ಯಾಮೆರಾ ಇದೆ. ಆಸ್ಪತ್ರೆಯಲ್ಲಿ ವೈದ್ಯರ ಸಹಿಯಿದೆ. ನ್ಯಾಯಾಲಯದಲ್ಲಿ ನ್ಯಾಯಾಧೀಶರ ಕಣ್ಣಿದೆ. ಜೈಲಿನಲ್ಲಿ ಒಳಬರುವಾಗಲೇ ಮೈಮೇಲಿನ ಗಾಯಗಳನ್ನು ಬರೆದುಕೊಳ್ಳುತ್ತಾರೆ. ಇವುಗಳ ನಡುವಿನ ರಸ್ತೆಯಲ್ಲಿ ಮಾತ್ರ ಬಂಧಿತ ವ್ಯಕ್ತಿಗೂ ಆತನನ್ನು ಕರೆದೊಯ್ಯುವ ಪೊಲೀಸರಿಗೂ ಮೂರನೆಯ ಸಾಕ್ಷಿ ಎಂಬುದಿಲ್ಲ. ಪೊಲೀಸ್ ವಶದ ಕುರಿತಾದ ಚರ್ಚೆ ಬಹುತೇಕ ಲಾಕಪ್ಪಿನ ಬಾಗಿಲಿಗೇ ನಿಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲೂ ದೇಶದಲ್ಲೂ ವಿವಾದಕ್ಕೆ ಕಾರಣವಾದ ಹಲವು ಘಟನೆಗಳು ನಡೆದದ್ದು ಆ ಬಾಗಿಲಿನ ಆಚೆ, ವಾಹನದಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಕೋರ್ಟಿನ ಆವರಣದಲ್ಲಿ.

ಖಾನಾಪುರದಿಂದ ಹೊರಟ ರಾತ್ರಿ

ಈ ಪ್ರಶ್ನೆ ಬೆಳಗಾವಿಗೆ ಅತ್ಯಂತ ಹತ್ತಿರ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಅದೇ ತಿಂಗಳ 19ರಂದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗ, ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರ ವಿರುದ್ಧ ಅವಾಚ್ಯ ಪದ ಬಳಸಿದ ಆರೋಪದ ಮೇಲೆ ವಿಧಾನ ಪರಿಷತ್ ಸದಸ್ಯ ಸಿ.ಟಿ. ರವಿ ಅವರ ಬಂಧನವಾಯಿತು. ಪ್ರಕರಣ ದಾಖಲಾದದ್ದು ಹಿರೇಬಾಗೇವಾಡಿ ಠಾಣೆಯಲ್ಲಿ. ರವಿಯವರನ್ನು ಕರೆದೊಯ್ದದ್ದು ಖಾನಾಪುರ ಠಾಣೆಗೆ. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಬಂಧನದ ನಂತರ ಏನಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಖಾನಾಪುರ ಠಾಣೆಯ ಮುಂದೆ ಬಿಜೆಪಿ ಮುಖಂಡರು, ಕಾರ್ಯಕರ್ತರು ಜಮಾಯಿಸಿದರು. ರಾತ್ರಿ ರವಿಯವರನ್ನು ಅಲ್ಲಿಂದ ಹೊರಗೆ ಕರೆದೊಯ್ಯಲಾಯಿತು. ಅವರ ತಲೆಗೆ ಗಾಯವಾಗಿತ್ತು. ರಾಮದುರ್ಗ, ಲೋಕಾಪುರ ಮೊದಲಾದ ಊರುಗಳ ರಸ್ತೆಗಳಲ್ಲಿ ವಾಹನ ರಾತ್ರಿಯಿಡೀ ಸಂಚರಿಸಿತು. ಮರುದಿನ ಬೆಳಗಾವಿಯ ನ್ಯಾಯಾಲಯಕ್ಕೆ ಬಂದಾಗ ಅವರ ತಲೆಯ ಮೇಲೆ ಪಟ್ಟಿಯಿತ್ತು. ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಕ್ಕೆ ಹಾಜರುಪಡಿಸಲು ಅವರನ್ನು ಬೆಂಗಳೂರಿನತ್ತ ಕರೆದೊಯ್ಯುತ್ತಿರುವಾಗಲೇ, ಡಿಸೆಂಬರ್ 20ರಂದು ಹೈಕೋರ್ಟ್‌ನ ನ್ಯಾಯಮೂರ್ತಿ ಎಂ.ಜಿ. ಉಮಾ ಅವರು ಬಿಡುಗಡೆಗೆ ಮಧ್ಯಂತರ ಆದೇಶ ನೀಡಿದರು. ಬಂಧನಕ್ಕೆ ಮುನ್ನ ನೋಟಿಸ್ ನೀಡುವ ಕ್ರಮವನ್ನು ಪಾಲಿಸದಿರುವುದನ್ನು ನ್ಯಾಯಾಲಯ ಗಮನಿಸಿತು.

ರಾತ್ರಿಯ ಪ್ರಯಾಣಕ್ಕೆ ಎರಡು ವಿವರಣೆಗಳು ಬಂದವು. ಭದ್ರತೆಯ ದೃಷ್ಟಿಯಿಂದ ಸ್ಥಳ ಬದಲಿಸಬೇಕಾಯಿತು ಎಂದು ಪೊಲೀಸರೂ ಸರ್ಕಾರವೂ ಹೇಳಿದವು. ತಮ್ಮ ಮೇಲೆ ಹಲ್ಲೆಯಾಗಿದೆ, ಉದ್ದೇಶಪೂರ್ವಕವಾಗಿ ಊರೂರು ಸುತ್ತಿಸಲಾಗಿದೆ, ಜೀವಭಯ ಉಂಟಾಗಿತ್ತು ಎಂದು ರವಿ ದೂರಿದರು. ಭದ್ರತೆಯ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅದೇ ದಿನ ಸುವರ್ಣಸೌಧದ ಒಳಗೇ ಅವರ ಮೇಲೆ ಏರಿಹೋಗುವ ಯತ್ನ ನಡೆದಿತ್ತು. ಠಾಣೆಯ ಹೊರಗೆ ಗುಂಪೂ ಇತ್ತು. ಆದರೆ ದೂರನ್ನೂ ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಖಾನಾಪುರದಿಂದ ಬೆಳಗಾವಿಗೆ ಇರುವುದು ಇಪ್ಪತ್ತಾರು ಕಿಲೋಮೀಟರ್‌ನಷ್ಟು ದಾರಿ. ಸುರಕ್ಷಿತ ಸ್ಥಳಕ್ಕೆ ಒಯ್ಯುವುದು ಒಂದು ಮಾತು. ಯಾವ ಸ್ಥಳಕ್ಕೂ ಒಯ್ಯದೆ ರಸ್ತೆಯಲ್ಲೇ ಬೆಳಗು ಮಾಡುವುದು ಇನ್ನೊಂದು ಮಾತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಾಹನವನ್ನು ಎಲ್ಲಿಗೆ ಒಯ್ಯಬೇಕೆಂದು ಆದೇಶಿಸಿದವರು ಯಾರು, ಎಷ್ಟು ಹೊತ್ತಿಗೆ, ಯಾವ ಕಾರಣಕ್ಕೆ, ಗಾಯ ಮೊದಲು ಕಂಡದ್ದು ಯಾವಾಗ, ಎಲ್ಲಿ ಚಿಕಿತ್ಸೆಯಾಯಿತು ಎಂಬ ವಿವರಗಳು ಆಗಿಂದಾಗಲೇ ಬರವಣಿಗೆಯಲ್ಲಿ ದಾಖಲಾಗಿ ನ್ಯಾಯಾಲಯದ ಮುಂದಿದ್ದರೆ, ಎರಡು ವಿವರಣೆಗಳಲ್ಲಿ ಯಾವುದು ನಿಜ ಎಂಬುದು ಸಾರ್ವಜನಿಕ ಜಗಳದ ವಸ್ತುವಾಗುತ್ತಿರಲಿಲ್ಲ. ದಾಖಲೆಯಿಲ್ಲದ ರಕ್ಷಣೆ ನೋಡುವವರ ಕಣ್ಣಿಗೆ ಕಿರುಕುಳದಂತೆಯೇ ಕಾಣುತ್ತದೆ. ಹೀಗಾಗಿ ದಾಖಲೆ ಆರೋಪಿಗಷ್ಟೇ ರಕ್ಷೆಯಲ್ಲ, ಪೊಲೀಸರಿಗೂ ರಕ್ಷೆ.

ರವಿಯವರು ಶಾಸಕರು. ಅವರ ಹಿಂದೆ ಪಕ್ಷವಿತ್ತು, ಹಿಂಬಾಲಿಸಿದ ಮಾಧ್ಯಮದವರ ವಾಹನಗಳಿದ್ದವು, ಮರುದಿನವೇ ಹೈಕೋರ್ಟ್ ಮೆಟ್ಟಿಲೇರಬಲ್ಲ ವಕೀಲರಿದ್ದರು. ಇವಾವುವೂ ಇಲ್ಲದ ಒಬ್ಬ ನೇಕಾರ ಅಥವಾ ಗೌಂಡಿಯನ್ನು ಹಾಗೆ ರಾತ್ರಿಯಿಡೀ ಸುತ್ತಿಸಿದ್ದರೆ ಅದು ಸುದ್ದಿಯೂ ಆಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತ ವ್ಯಕ್ತಿಯನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ ಲೆಕ್ಕದಿಂದ ಪ್ರಯಾಣದ ಅವಧಿಯನ್ನು ಬಿಡಲಾಗಿದೆ. ಆದರೆ ಹಾಗೆ ಬಿಟ್ಟಿರುವುದು ಬಂಧನದ ಸ್ಥಳದಿಂದ ನ್ಯಾಯಾಲಯ ತಲುಪಲು ‘ಅಗತ್ಯವಾದ’ ಅವಧಿಯನ್ನು ಮಾತ್ರ. ರವಿಯವರ ಪ್ರಕರಣದಲ್ಲಿ 24 ಗಂಟೆಯ ಮಿತಿ ಮೀರಲಿಲ್ಲ. ಆದರೂ ಸಂವಿಧಾನ ಪ್ರಯಾಣವನ್ನು ನೋಡುವ ಬಗೆ ಇದರಿಂದ ಸ್ಪಷ್ಟವಾಗುತ್ತದೆ. ನ್ಯಾಯಾಧೀಶರ ಬಳಿ ಹೋಗುವ ದಾರಿ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಉದ್ದೇಶವಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಹಲವು ರಕ್ಷಣೆಗಳನ್ನು ಉಳಿಸಿಕೊಂಡಿದೆ. ತಪ್ಪಿಸಿಕೊಳ್ಳುವುದನ್ನು ತಡೆಯಲು ಬೇಕಾದುದಕ್ಕಿಂತ ಹೆಚ್ಚಿನ ನಿರ್ಬಂಧ ಹೇರಬಾರದು ಎನ್ನುತ್ತದೆ 46ನೇ ಕಲಂ. ಬಂಧನವಾದ ಕೂಡಲೇ ವೈದ್ಯಕೀಯ ತಪಾಸಣೆಯಾಗಬೇಕು, ಗಾಯಗಳಿದ್ದರೆ ವೈದ್ಯರು ಬರೆಯಬೇಕು, ಅದರ ಪ್ರತಿ ಬಂಧಿತನಿಗೂ ಸಿಗಬೇಕು ಎನ್ನುತ್ತದೆ 53ನೇ ಕಲಂ. ಎಲ್ಲಕ್ಕಿಂತ ಮುಖ್ಯವಾದುದು, ಹೆಚ್ಚು ಜನರಿಗೆ ಗೊತ್ತಿಲ್ಲದ 56ನೇ ಕಲಂ. ಆರೋಪಿ ಯಾರ ವಶದಲ್ಲಿರುವನೋ ಅವರೇ ಆತನ ಆರೋಗ್ಯ ಮತ್ತು ಸುರಕ್ಷತೆಗೆ ಹೊಣೆ ಎಂದು ಅದು ನೇರವಾಗಿ ಹೇಳುತ್ತದೆ. ‘ಠಾಣೆಯಲ್ಲಿ’ ಎಂದು ಅದು ಗೆರೆ ಎಳೆದಿಲ್ಲ. ವಶ ಎಲ್ಲಿಯವರೆಗೋ ಹೊಣೆ ಅಲ್ಲಿಯವರೆಗೆ.

ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ನೀಡಿದ 11 ಸೂಚನೆಗಳು ಈ ವಿಷಯದಲ್ಲಿ ಇಂದಿಗೂ ಅಡಿಪಾಯ. ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ತಿಳಿವಳಿಕೆ, ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ, ಜಿಲ್ಲಾ ನಿಯಂತ್ರಣ ಕೊಠಡಿಗೆ 12 ಗಂಟೆಯೊಳಗೆ ಮಾಹಿತಿ ಇವೆಲ್ಲ ಅಲ್ಲಿವೆ. ಬಂಧಿತನನ್ನು ಎಲ್ಲಿ ಇರಿಸಲಾಗಿದೆ ಎಂಬುದು ಗುಟ್ಟಾಗಬಾರದು ಎಂಬುದೇ ಈ ಸೂಚನೆಗಳ ಒಟ್ಟು ತಾತ್ಪರ್ಯ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎಲ್ಲ ಠಾಣೆಗಳ ಲಾಕಪ್ಪು, ಕಾರಿಡಾರು, ದ್ವಾರಗಳಲ್ಲಿ ಸಿಸಿಟಿವಿ ಕ್ಯಾಮೆರಾ ಅಳವಡಿಸಬೇಕೆಂದು ಆದೇಶಿಸಿತು. ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳ ಕೊರತೆಯ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಮತ್ತೆ ವಿಚಾರಣೆ ಕೈಗೆತ್ತಿಕೊಂಡಿತು. ಕಟ್ಟಡದ ಒಳಗಿನ ಪರಿಸ್ಥಿತಿಯೇ ಹೀಗಿರುವಾಗ ವಾಹನದ ಒಳಗಿನದನ್ನು ಕೇಳುವವರಾರು?

ಕೈಕೋಳ ಅಪವಾದ, ನಿಯಮವಲ್ಲ

ಸಾಗಾಟದ ಮಾತು ಬಂದಾಗ ಮೊದಲು ನೆನಪಾಗುವುದು ಕೈಕೋಳ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇರೆ ದಾರಿಯೇ ಇಲ್ಲದ ಸಂದರ್ಭವನ್ನು ಬಿಟ್ಟು ಕೈಕೋಳ ತೊಡಿಸುವುದು ಮಾನವ ಘನತೆಗೆ ವಿರುದ್ಧ ಎಂದಿತು. ಹಾಗೆ ತೊಡಿಸಲೇಬೇಕಾದರೆ ಕಾರಣ ಬರೆದಿಡಬೇಕು ಎಂದಿತು. 1995ರಲ್ಲಿ ಅಸ್ಸಾಮಿನ ಪ್ರಕರಣವೊಂದರಲ್ಲಿ, ಜೈಲಿನಿಂದ ಕೋರ್ಟಿಗೆ ಒಯ್ಯುವಾಗಲೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂದು ಸ್ಪಷ್ಟಪಡಿಸಿತು.

ಬೆಳಗಾವಿ ಜಿಲ್ಲೆಯದೇ ಒಂದು ಪ್ರಕರಣ ಈ ವಿಷಯದಲ್ಲಿ ಇಡೀ ರಾಜ್ಯಕ್ಕೆ ದಾರಿ ತೋರಿಸಿದೆ. ಚಿಕ್ಕೋಡಿ ಭಾಗದ ಕಾನೂನು ವಿದ್ಯಾರ್ಥಿಯೊಬ್ಬರನ್ನು ಚೆಕ್ ಬೌನ್ಸ್ ಪ್ರಕರಣಗಳ ವಾರಂಟ್ ಮೇಲೆ 2019ರಲ್ಲಿ ಬಂಧಿಸಲಾಗಿತ್ತು. ತಮಗೆ ಕೈಕೋಳ ತೊಡಿಸಿ ಊರ ಜನರೆದುರು ನಡೆಸಿದರು, ಬಸ್ಸಿನಲ್ಲಿ ಕರೆದೊಯ್ದರು ಎಂದು ಅವರು ಹೈಕೋರ್ಟ್ ಮೊರೆ ಹೋದರು. 2022ರ ಜೂನ್‌ನಲ್ಲಿ ತೀರ್ಪು ನೀಡಿದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 2 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದರು. ಕೈಕೋಳ ತೊಡಿಸಿದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು ಎಂದರು. ಬಂಧನಕ್ಕೆ ಹೋಗುವ ಅಧಿಕಾರಿಗಳಿಗೆ ಬಾಡಿ ಕ್ಯಾಮೆರಾ ಒದಗಿಸಲು ಪೊಲೀಸ್ ಮಹಾನಿರ್ದೇಶಕರು ಕ್ರಮ ಕೈಗೊಳ್ಳಬೇಕೆಂದೂ ಸೂಚಿಸಿದರು.

ಹೊಸ ಸಂಹಿತೆಯ 43ನೇ ಕಲಮಿನ 3ನೇ ಉಪಕಲಂ ಮೊದಲ ಬಾರಿಗೆ ಕೈಕೋಳಕ್ಕೆ ಕಾನೂನಿನ ಪಟ್ಟಿಯೊಂದನ್ನು ಕೊಟ್ಟಿದೆ. ಪದೇ ಪದೇ ಅಪರಾಧ ಎಸಗುವವರು, ಹಿಂದೆ ವಶದಿಂದ ಪರಾರಿಯಾದವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕ ವಸ್ತು, ಆ್ಯಸಿಡ್ ದಾಳಿ ಮುಂತಾದ ಗಂಭೀರ ಪ್ರಕರಣಗಳ ಆರೋಪಿಗಳು ಆ ಪಟ್ಟಿಯಲ್ಲಿದ್ದಾರೆ. ಅವರಿಗೂ ಅಪರಾಧದ ಸ್ವರೂಪ ಮತ್ತು ಗಂಭೀರತೆಯನ್ನು ನೋಡಿ ಕೈಕೋಳ ತೊಡಿಸಬಹುದು ಎಂದಿದೆಯೇ ಹೊರತು ತೊಡಿಸಲೇಬೇಕು ಎಂದಿಲ್ಲ. ಪಟ್ಟಿಯ ಹೊರಗಿರುವ ಕಳ್ಳತನ, ಹೊಡೆದಾಟ, ಚೆಕ್ ಬೌನ್ಸ್‌ನಂತಹ ಪ್ರಕರಣಗಳಿಗೆ ಹಳೆಯ ತೀರ್ಪುಗಳೇ ಅನ್ವಯ.

ಗುಂಪು ಮತ್ತು ಕ್ಯಾಮೆರಾ

ವಶದಲ್ಲಿರುವವನಿಗೆ ಅಪಾಯ ಯಾವಾಗಲೂ ಪೊಲೀಸರಿಂದಲೇ ಬರುತ್ತದೆ ಎಂದೇನಿಲ್ಲ. 2024ರ ಜೂನ್‌ನಲ್ಲಿ ಬೆಳಗಾವಿಯ ನ್ಯಾಯಾಲಯಕ್ಕೆ ಕರೆತಂದಿದ್ದ ಕೈದಿಯೊಬ್ಬ ಪಾಕಿಸ್ತಾನದ ಪರ ಘೋಷಣೆ ಕೂಗಿದಾಗ, ಅಲ್ಲಿದ್ದವರು ಆತನ ಮೇಲೆ ಮುಗಿಬಿದ್ದು ಥಳಿಸಿದರು. ಪೊಲೀಸರೇ ಆತನನ್ನು ಬಿಡಿಸಿಕೊಳ್ಳಬೇಕಾಯಿತು. ಘೋಷಣೆ ಎಷ್ಟೇ ಖಂಡನೀಯವಾಗಿದ್ದರೂ, ನ್ಯಾಯಾಲಯದ ಆವರಣದಲ್ಲಿ ಸರ್ಕಾರದ ವಶದಲ್ಲಿದ್ದವನ ಮೇಲೆ ಕೈ ಬಿದ್ದದ್ದು ಬೆಂಗಾವಲಿನ ವೈಫಲ್ಯವೇ.

ಇದರ ಭೀಕರ ರೂಪ ಕಂಡದ್ದು ಉತ್ತರಪ್ರದೇಶದ ಪ್ರಯಾಗರಾಜ್‌ನಲ್ಲಿ. 2023ರ ಏಪ್ರಿಲ್ 15ರ ರಾತ್ರಿ ಮಾಜಿ ಸಂಸದ ಅತೀಕ್ ಅಹ್ಮದ್ ಹಾಗೂ ಆತನ ಸಹೋದರನನ್ನು ವೈದ್ಯಕೀಯ ತಪಾಸಣೆಗೆ ಕರೆದೊಯ್ಯುವಾಗ, ಪತ್ರಕರ್ತರ ವೇಷದಲ್ಲಿ ಬಂದವರು ಕ್ಯಾಮೆರಾಗಳ ಎದುರೇ ಗುಂಡಿಕ್ಕಿದರು. ಇಬ್ಬರ ಕೈಗೂ ಕೋಳವಿತ್ತು, ಸುತ್ತ ಪೊಲೀಸರಿದ್ದರು. ಆರೋಪಿಯನ್ನು ಮಾಧ್ಯಮದ ಮುಂದೆ ನಿಲ್ಲಿಸಿ ಮಾತನಾಡಿಸುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ 73ನೇ ನಿಯಮ, ಕೈದಿಗಳನ್ನು ಸಾಗಿಸುವಾಗ ಸಾರ್ವಜನಿಕರ ಕಣ್ಣಿಗೆ ಆದಷ್ಟು ಕಡಿಮೆ ಬೀಳುವಂತೆ ನೋಡಿಕೊಳ್ಳಬೇಕು, ಗಾಳಿ ಬೆಳಕಿಲ್ಲದ ವಾಹನ ಬಳಸಬಾರದು ಎನ್ನುತ್ತದೆ. ಜನರ ಕಣ್ಣಿನಿಂದ ಮರೆ ಮಾಡುವುದೆಂದರೆ ದಾಖಲೆಯಿಂದ ಮರೆ ಮಾಡುವುದಲ್ಲ.

ವಾಹನದ ಒಳಗೆ

ದೇಹವನ್ನು ಹಿಡಿಯುವ, ಕೂರಿಸುವ ಕ್ರಮವೂ ಜೀವ ತೆಗೆಯಬಲ್ಲದು. ಕೈಗಳನ್ನು ಬೆನ್ನಿಗೆ ಕಟ್ಟಿ ಬೋರಲು ಮಲಗಿಸಿ, ಬೆನ್ನ ಮೇಲೆ ಭಾರ ಹಾಕಿದರೆ ಎದೆ ಹಿಗ್ಗದೆ ಉಸಿರು ಕಟ್ಟುತ್ತದೆ. ಕುಡಿದವರು, ಸ್ಥೂಲಕಾಯದವರು, ಆಸ್ತಮಾ ಇರುವವರು, ಓಡಿ ದಣಿದವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಉಸಿರಾಡಲಾಗುತ್ತಿಲ್ಲ ಎಂಬ ಕೂಗನ್ನು ನಾಟಕವೆಂದು ಬಗೆದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವು ಜಗತ್ತಿಗೇ ತೋರಿಸಿತು. ಹಿಡಿತಕ್ಕೆ ಸಿಕ್ಕ ತಕ್ಷಣ ಮಗ್ಗುಲಿಗೆ ಹೊರಳಿಸುವುದು, ಇಲ್ಲವೆ ಎಬ್ಬಿಸಿ ಕೂರಿಸುವುದು ಇದಕ್ಕಿರುವ ಸರಳ ಪರಿಹಾರ.

ವಾಹನದ ಅಪಾಯಕ್ಕೆ ಉದಾಹರಣೆ ಅದೇ ದೇಶದ ಬಾಲ್ಟಿಮೋರ್ ನಗರದ್ದು. 2015ರ ಏಪ್ರಿಲ್ 12ರಂದು ಬಂಧಿತನಾದ ಫ್ರೆಡ್ಡಿ ಗ್ರೇ ಎಂಬ 25ರ ಯುವಕನನ್ನು ಕೈಕಾಲಿಗೆ ಬೇಡಿ ತೊಡಿಸಿ, ಸೀಟ್ ಬೆಲ್ಟ್ ಹಾಕದೆ ವ್ಯಾನಿನಲ್ಲಿ ಒಯ್ಯಲಾಯಿತು. ದಾರಿಯಲ್ಲಿ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಗಿ ಒಂದು ವಾರದ ನಂತರ ಆತ ಸತ್ತ. ಆರು ಪೊಲೀಸರ ಮೇಲೆ ಮೊಕದ್ದಮೆ ಹೂಡಿದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ನಗರಾಡಳಿತ ಕುಟುಂಬಕ್ಕೆ 64 ಲಕ್ಷ ಡಾಲರ್ ಪರಿಹಾರ ನೀಡಿತು. ಬೆಲ್ಟ್ ಹಾಕಲೇಬೇಕೆಂಬ ನಿಯಮ ಘಟನೆಗೆ ಕೆಲವೇ ದಿನ ಮೊದಲು ಜಾರಿಗೆ ಬಂದಿತ್ತು. ಅದು ಕಾಗದದಲ್ಲೇ ಉಳಿದಿತ್ತು. ಕೈ ಕಟ್ಟಿದ ಮನುಷ್ಯ ವಾಹನ ತಿರುವಿನಲ್ಲಿ ವಾಲಿದಾಗ ತನ್ನನ್ನು ತಾನು ಹಿಡಿದುಕೊಳ್ಳಲಾರ. ಎದುರುಬದುರು ಉದ್ದ ಬೆಂಚುಗಳಿರುವ ವ್ಯಾನಿಗೂ, ಠಾಣೆಯ ಜೀಪಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಮೂರನೆಯದು ಗುಂಡಿನ ಅಪಾಯ. 2024ರ ಸೆಪ್ಟೆಂಬರ್ 23ರಂದು ಮಹಾರಾಷ್ಟ್ರದ ಬದ್ಲಾಪುರದ ಶಾಲಾ ಬಾಲಕಿಯರ ಮೇಲಿನ ದೌರ್ಜನ್ಯ ಪ್ರಕರಣದ ಆರೋಪಿ, ಜೈಲಿನಿಂದ ಒಯ್ಯುತ್ತಿದ್ದ ಪೊಲೀಸ್ ವಾಹನದಲ್ಲೇ ಗುಂಡೇಟಿಗೆ ಬಲಿಯಾದ. ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆವು ಎಂಬ ಪೊಲೀಸರ ವಾದವನ್ನು ಮ್ಯಾಜಿಸ್ಟ್ರೇಟರ ವರದಿ 2025ರ ಜನವರಿಯಲ್ಲಿ ಪ್ರಶ್ನಿಸಿತು. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆ ಆರೋಪಿಯನ್ನು ಪರಿಶೀಲನೆಗೆಂದು ಹೊರಗೆ ಕರೆದೊಯ್ದಾಗ, ಆತ ಪೊಲೀಸರ ಮೇಲೆ ದಾಳಿ ಮಾಡಿ ಓಡಲು ಯತ್ನಿಸಿದ ಎಂಬ ಕಾರಣಕ್ಕೆ ಹಾರಿಸಿದ ಗುಂಡಿಗೆ ಬಲಿಯಾದ. ಸಿಐಡಿ ತನಿಖೆಗೆ ಆದೇಶವಾಯಿತು. ಎರಡೂ ಕಡೆ ಜನ ಸಂಭ್ರಮಿಸಿದರು. ಅಂತಹ ಆರೋಪಿಗಳ ಪರ ಮಾತನಾಡುವವರು ಸಿಗುವುದಿಲ್ಲ. ಆದರೆ ಸತ್ತ ಆರೋಪಿಯ ಜತೆಗೆ ವಿಚಾರಣೆಯೂ ಮುಗಿಯುತ್ತದೆ. ಮಗುವಿನ ಹೆತ್ತವರಿಗೆ ನ್ಯಾಯಾಲಯದ ತೀರ್ಪು ಎಂದೂ ಸಿಗುವುದಿಲ್ಲ.

ಪೇದೆಯ ಕಷ್ಟ

ಬೆಂಗಾವಲಿನ ಕೆಲಸ ಬಹುತೇಕ ಬೀಳುವುದು ಸಶಸ್ತ್ರ ಮೀಸಲು ಪಡೆಯ ಕೆಳಹಂತದ ಸಿಬ್ಬಂದಿಯ ಮೇಲೆ. ಕೈದಿ ತಪ್ಪಿಸಿಕೊಂಡರೆ ಮೊದಲು ಅಮಾನತಾಗುವವರು ಅವರೇ. ಕೈಕೋಳ ಹಾಕಿದರೆ ಹೈಕೋರ್ಟ್, ಹಾಕದೆ ಓಡಿಹೋದರೆ ಇಲಾಖಾ ವಿಚಾರಣೆ ಎಂಬ ಇಕ್ಕಟ್ಟಿನಲ್ಲಿ ಅವರು ದಿನ ದೂಡುತ್ತಾರೆ. ಖಾನಾಪುರದ ಘಟನೆಯ ನಂತರವೂ ಅಮಾನತಿನ ಶಿಕ್ಷೆ ಬಂದದ್ದು ಅಲ್ಲಿನ ಠಾಣೆಯ ಇನ್‌ಸ್ಪೆಕ್ಟರ್ ಅವರಿಗೆ. ಮೇಲಿನ ಆದೇಶ ಬಾಯಿಮಾತಿನಲ್ಲಿ ಬರುತ್ತದೆ, ಹೊಣೆ ಮಾತ್ರ ಕಾಗದದಲ್ಲಿ ಕೆಳಗಿನವರ ಹೆಸರಿಗೆ ಬೀಳುತ್ತದೆ. ಇದು ಬದಲಾಗದೆ ಸಾಗಾಟ ಸುರಕ್ಷಿತವಾಗದು.

ಮಾಡಬಹುದಾದದ್ದು

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಪ್ರತಿ ಸಾಗಾಟಕ್ಕೂ ಒಂದು ಪ್ರಯಾಣ ಪತ್ರ ಸಾಕು. ಹೊರಟ ಹೊತ್ತು, ತಲುಪಬೇಕಾದ ಸ್ಥಳ, ವಾಹನದ ಸಂಖ್ಯೆ, ಬೆಂಗಾವಲಿನವರ ಹೆಸರು, ಹೊರಡುವಾಗ ಬಂಧಿತನ ಮೈಮೇಲಿದ್ದ ಗಾಯ, ಆತನ ಕಾಯಿಲೆ ಮತ್ತು ಔಷಧಿ, ಕೈಕೋಳ ತೊಡಿಸಿದ್ದರೆ ಅದರ ಕಾರಣ ಇಷ್ಟು ಅದರಲ್ಲಿರಬೇಕು. ದಾರಿ ಬದಲಾದರೆ ಬದಲಿಸಿದ ಅಧಿಕಾರಿಯ ಹೆಸರು ಮತ್ತು ಹೊತ್ತು ನಿಯಂತ್ರಣ ಕೊಠಡಿಯಲ್ಲಿ ಆಗಲೇ ದಾಖಲಾಗಬೇಕು. ಹಿರೇಬಾಗೇವಾಡಿ ಠಾಣೆ ನಗರ ಪೊಲೀಸ್ ಕಮಿಷನರೇಟಿಗೆ ಸೇರಿದರೆ, ಖಾನಾಪುರ ಠಾಣೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಗೆ ಬರುತ್ತದೆ. ಹೀಗೆ ಒಂದು ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವಾಗ ಯಾರಿಂದ ಯಾರಿಗೆ ಒಪ್ಪಿಸಲಾಯಿತು ಎಂಬುದಕ್ಕೆ ಸಹಿ ಇರಲೇಬೇಕು.

ವಾಹನದ ಒಳಗೆ ಕ್ಯಾಮೆರಾ, ಜಿಪಿಎಸ್, ಸೀಟ್ ಬೆಲ್ಟ್ ಅಳವಡಿಸುವುದು ದೊಡ್ಡ ಖರ್ಚಲ್ಲ. ಅನಗತ್ಯ ಸಾಗಾಟವನ್ನೇ ತಗ್ಗಿಸುವ ದಾರಿಯೂ ಇದೆ. ಮೊದಲ ಬಾರಿ, ಹಾಗೂ ಪೊಲೀಸ್ ವಶದಲ್ಲಿರುವಷ್ಟು ಕಾಲ ಆರೋಪಿಯನ್ನು ಖುದ್ದಾಗಿಯೇ ಹಾಜರುಪಡಿಸಬೇಕು. ನಂತರ ನ್ಯಾಯಾಂಗ ಬಂಧನ ವಿಸ್ತರಣೆಗೆ ಜೈಲಿನಿಂದಲೇ ವಿಡಿಯೊ ಮೂಲಕ ಹಾಜರುಪಡಿಸಲು ಸಂಹಿತೆಯ 187ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಮೊದಲ ಹಾಜರಿಯನ್ನು ಎಂದೂ ಪರದೆಗೆ ಇಳಿಸಬಾರದು. ದಾರಿಯಲ್ಲಿ ಏನಾಯಿತೆಂದು ಬಂಧಿತನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಬಲ್ಲವರು ಮ್ಯಾಜಿಸ್ಟ್ರೇಟರು ಮಾತ್ರ. ಆ ಒಂದು ಪ್ರಶ್ನೆಯನ್ನು ಪ್ರತಿ ಬಾರಿಯೂ ಕೇಳಿ ಉತ್ತರವನ್ನು ಬರೆದುಕೊಂಡರೆ ಅರ್ಧ ಸಮಸ್ಯೆ ತಗ್ಗುತ್ತದೆ.

ಚಳಿಗಾಲದ ಅಧಿವೇಶನ ಬಂತೆಂದರೆ ಬೆಳಗಾವಿಗೆ ರಾಜ್ಯದ ಮೂಲೆಮೂಲೆಯಿಂದ ಪೊಲೀಸರೂ ಬರುತ್ತಾರೆ, ಪ್ರತಿಭಟನಾಕಾರರೂ ಬರುತ್ತಾರೆ. 2024ರ ಡಿಸೆಂಬರ್ 10ರಂದು ಪಂಚಮಸಾಲಿ ಮೀಸಲಾತಿ ಹೋರಾಟದ ವೇಳೆ ಲಾಠಿ ಪ್ರಹಾರವಾಗಿ ಹಲವರನ್ನು ವಶಕ್ಕೆ ಪಡೆದದ್ದು ಇದೇ ಸುವರ್ಣಸೌಧದ ಬಳಿ. ರೈತರು, ನೌಕರರು, ವಿದ್ಯಾರ್ಥಿಗಳನ್ನು ಬಸ್ಸಿಗೆ ತುಂಬಿ ಎಲ್ಲಿಗೋ ಒಯ್ದು ಸಂಜೆ ಬಿಡುವುದು ಇಲ್ಲಿ ವಾಡಿಕೆ. ಅವರಲ್ಲಿ ಸಕ್ಕರೆ ಕಾಯಿಲೆಯವರೂ ಹೃದ್ರೋಗಿಗಳೂ ಇರುತ್ತಾರೆ. ಮುಂದಿನ ಅಧಿವೇಶನದ ಬಂದೋಬಸ್ತ್ ಯೋಜನೆ ಸಿದ್ಧಪಡಿಸುವಾಗ ಎಷ್ಟು ತುಕಡಿ, ಎಷ್ಟು ಬ್ಯಾರಿಕೇಡ್ ಎಂಬ ಲೆಕ್ಕದ ಜತೆಗೆ, ವಶಕ್ಕೆ ಪಡೆದವರನ್ನು ಯಾವ ವಾಹನದಲ್ಲಿ, ಯಾರ ಸಹಿಯ ಮೇಲೆ, ಎಲ್ಲಿಗೆ ಒಯ್ಯಲಾಗುತ್ತದೆ ಎಂಬ ಒಂದು ಪುಟವನ್ನೂ ಸೇರಿಸುವುದು ಗೃಹ ಇಲಾಖೆಗೆ ಕಷ್ಟದ ಕೆಲಸವಲ್ಲ.